ಒಳಗೆ ಸರಿಯುವ ಬಾಗಿಲು

ಗ್ರಾಂಟ್ ರೋಡಿನ ನಮ್ಮ ಮನೆಯಲ್ಲಿ ಇರುವುದು ಒಂದೇ ಹಾಲ್. ಹಗಲು ಅದು ನನ್ನ ಆಫೀಸು, ರಾತ್ರಿ ಅಪ್ಪನ ಮಲಗುವ ಜಾಗ. ಕಂಪ್ಯೂಟರು, ವೈರು ಎಲ್ಲವನ್ನೂ ಒಂದು ಕಪಾಟಿನೊಳಗಿಟ್ಟು ಸಂಜೆ ಬಾಗಿಲು ಹಾಕಿಬಿಡಬೇಕೆಂದುಕೊಂಡೆ. ಆದರೆ ಕಪಾಟಿನ ಬಾಗಿಲು ತೆರೆದರೆ ಬಚ್ಚಲಿನ ದಾರಿ ಅರ್ಧ ಮುಚ್ಚುತ್ತದೆ. ಸೊಂಟದ ಆಪರೇಷನ್ ಆದಮೇಲೆ ಅಪ್ಪ ನಡೆಯುವುದು ವಾಕರ್ ಹಿಡಿದೇ. ಹಳೆಯ ಕಪಾಟಿನ ಬಾಗಿಲಿಗೆ ತಾಗಿ ಎರಡು ಸಲ ಮುಗ್ಗರಿಸಿದ್ದರು.

ಇದಕ್ಕೆ ಪಾಕೆಟ್ ಡೋರ್ ಎಂಬ ಉಪಾಯವಿದೆ. ಬಾಗಿಲನ್ನು ಪೂರ್ತಿ ತೆರೆದು, ಡ್ರಾಯರ್ ತಳ್ಳಿದಂತೆ ಹಿಂದಕ್ಕೆ ತಳ್ಳಿದರೆ ಕಪಾಟಿನ ಪಕ್ಕದ ಸಂದಿಗೆ ಸೇರಿಕೊಳ್ಳುತ್ತದೆ. ಹೆಫೆಲೆ, ಹೆಟ್ಟಿಕ್, ಬ್ಲಮ್‌ನಂಥ ಕಂಪನಿಗಳದ್ದು ಸಿಗುತ್ತದೆ. ಬರೀ ಚಾನೆಲ್ ಜೋಡಿಯೂ ಸಿಗುತ್ತದೆ.

ಎಂ.ಟೆಕ್. ಜಂಬ ಬಿಡುತ್ತದೆಯೇ? ಎಕ್ಸೆಲ್ ತೆರೆದೆ. 7 ಅಡಿ ಎತ್ತರ, ಒಂದೂವರೆ ಅಡಿ ಅಗಲ, 18 ಮಿ.ಮೀ. ಪ್ಲೈವುಡ್, ಮೈಕಾ ಸೇರಿ ಸುಮಾರು 12 ಕಿಲೋ. ಅಷ್ಟು ತೂಕ ತಾಳುವ ಅಗ್ಗದ ಚಾನೆಲ್ ಸಾಕು ಎಂದು ತೀರ್ಮಾನಿಸಿ, ಬಡಗಿಯೊಂದಿಗೆ ಸಿ.ಪಿ. ಟ್ಯಾಂಕಿನ ಅಂಗಡಿಗೆ ನಡೆದೆ.

ಬಡಗಿ ನನ್ನ ಲೆಕ್ಕ ನೋಡಲೇ ಇಲ್ಲ. "ಸಾಹೇಬ್, ಊಪರ್ ಭಾಗೇಗಾ, ನೀಚೆ ಅಟಕೇಗಾ" ಎಂದ. ನಾನು ತೂಕ ನೋಡಿದ್ದೆ, ಎತ್ತರ ನೋಡಿರಲಿಲ್ಲ. ಮೇಲಿನ ಚಾನೆಲ್‌ಗೂ ಕೆಳಗಿನದಕ್ಕೂ ಸಂಬಂಧವಿಲ್ಲದಿದ್ದರೆ ಒಂದು ಮುಂದೆ ಓಡುತ್ತದೆ, ಇನ್ನೊಂದು ಹಿಂದುಳಿಯುತ್ತದೆ. ಬಾಗಿಲು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಎರಡು ಚಾನೆಲ್‌ಗಳ ನಡುವಿನ ಅಂತರ ಹೆಚ್ಚಿದಷ್ಟೂ ಈ ಕಾಟ ಹೆಚ್ಚು. ಹಾಗಾಗಿಯೇ ಎತ್ತರದ ಬಾಗಿಲಿನ ಸೆಟ್‌ಗಳಲ್ಲಿ ಮೇಲು-ಕೆಳಗನ್ನು ಒಟ್ಟಿಗೆ ಓಡಿಸಲು ಉದ್ದನೆಯ ಪಟ್ಟಿಯೋ ತಂತಿಯೋ ಇರುತ್ತದೆ. ಅಂಥ ಸೆಟ್‌ನ ಬೆಲೆ ಕೇಳಿ ಸುಮ್ಮನೆ ಚಹಾ ಕುಡಿದೆ.

ಕೊನೆಗೆ ಬದಲಾದದ್ದು ಬಾಗಿಲೇ. ಮೇಜಿನ ಮಟ್ಟದಿಂದ ಮೇಲೆ 3 ಅಡಿಗೆ ಮಾತ್ರ ಸರಿಯುವ ಜೋಡಿ ಬಾಗಿಲು, ಅದರ ಮೇಲೆ ಮಾಮೂಲಿ ಗೂಡು. ಒಂದೊಂದು ಸುಮಾರು 5 ಕಿಲೋ. ಸಾಧಾರಣ ಚಾನೆಲ್ಲು, ಜೊತೆಗೆ ಎರಡನ್ನೂ ಬಿಗಿಯುವ ಒಂದು ಮರದ ಪಟ್ಟಿ. ಬಾಗಿಲು ಅಡಗುವ ಸಂದಿ ಪ್ರತಿ ಬದಿಯಲ್ಲಿ ಎರಡೂವರೆ ಇಂಚು ನುಂಗಿತು, ಎರಡನೇ ಮಾನಿಟರ್ ಆಸೆ ಬಿಟ್ಟೆ. ಮುಂಬೈ ಮಳೆಗೆ ಮರ ಉಬ್ಬುತ್ತದೆಂದು ಬಡಗಿ ಸುತ್ತಲೂ ಸ್ವಲ್ಪ ಸಡಿಲ ಬಿಟ್ಟ. ಉಳಿದ ದುಡ್ಡಿನಲ್ಲಿ ಬಚ್ಚಲಿಗೆ ಸ್ಟೀಲಿನ ಹಿಡಿಕೆ ಬಂತು.

ಮೊದಲ ದಿನ ಅಪ್ಪ ವಾಕರ್ ನಿಲ್ಲಿಸಿ, "ಬಾಗಿಲು ಎಲ್ಲೋ ಮಾರಾಯ?" ಎಂದರು. ಆಮೇಲೆ ನನ್ನ ಮೀಟಿಂಗ್ ನಡೆಯುತ್ತಿರುವಾಗಲೇ, ಬನಿಯನ್ನಿನಲ್ಲಿ, ಹಿಂದಿನಿಂದ ಆರಾಮಾಗಿ ದಾಟಿ ಹೋದರು. ಕ್ಯಾಮೆರಾ ಆನ್ ಇತ್ತು.