ಅಂಟಿಕೊಂಡ ಕೊಳವೆಯನ್ನು ಬಿಡಿಸುವ ಬಗೆ

2001ರ ಭುಜ್ ಭೂಕಂಪ, 2004ರ ಅಂಡಮಾನ್ ಸುನಾಮಿ: ಫೋನುಗಳು ಸತ್ತಾಗ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್ ರೇಡಿಯೋ ಹವ್ಯಾಸಿಗಳೂ ಇದ್ದರು. ಇವರಲ್ಲಿ ಅನೇಕರ ಏರಿಯಲ್ ಎಂದರೆ ಒಂದರೊಳಗೊಂದು ತೂರಿಸಿದ ಅಲ್ಯುಮಿನಿಯಂ ಕೊಳವೆಗಳು. ಎಳೆದರೆ ಉದ್ದ, ತಳ್ಳಿದರೆ ಗಿಡ್ಡ. 14 ಮೆಗಾಹರ್ಟ್ಸ್‌ನ ಅರ್ಧ ಅಲೆಗೆ ಸುಮಾರು 10 ಮೀಟರ್ ಉದ್ದ ಬೇಕು. ತಂಬೂರಿಯ ತಂತಿಯಂತೆ, ಉದ್ದ ತಪ್ಪಿದರೆ ಶ್ರುತಿ ತಪ್ಪಿತು.

ಮುಂಬಯಿಯಂಥ ಊರಿನಲ್ಲಿ ಎರಡು ಮಳೆಗಾಲ ಕಳೆದ ಮೇಲೆ ಈ ಕೊಳವೆಗಳು ಅಲುಗುವುದೇ ಇಲ್ಲ. ಯಾಕೆ? ಉಪ್ಪುಗಾಳಿ, ತೇವ ಸೇರಿ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ. ಪುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಸಂದಿನಲ್ಲಿ ಬೆಣೆಯ ಹಾಗೆ ಕೂತುಬಿಡುತ್ತದೆ. ಅದರಲ್ಲಿ ವಿದ್ಯುತ್ತೂ ಹರಿಯದು. ಆದ್ದರಿಂದ ಬಿಗಿಯಾಗಿದೆಯಲ್ಲ, ಇರಲಿ ಬಿಡಿ ಅನ್ನುವ ಹಾಗಿಲ್ಲ.

ಮೊದಲು ಏರಿಯಲ್ಲನ್ನು ವಿದ್ಯುತ್ ತಂತಿಗಳಿಂದ ದೂರ ಇಳಿಸಿಕೊಳ್ಳಿ. ಸ್ಕ್ರೂ, ಕ್ಲಿಪ್ಪು ಎಲ್ಲ ತೆಗೆಯಿರಿ. ಮರೆತ ಒಂದು ಸ್ಕ್ರೂ ಸಾಕು, ದಿನವೆಲ್ಲ ದಂಡ. ಸಂದಿಗೆ ತೆಳು ಎಣ್ಣೆ ಬಿಟ್ಟು, ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಒಂದು ರಾತ್ರಿ ಹಾಗೇ ಬಿಡಿ.

ಮಾರನೆಯ ದಿನ ಎಣ್ಣೆ ಒರೆಸಿ, ಒಳಕೊಳವೆಗೆ ಮಂಜುಗಡ್ಡೆಯ ಬಟ್ಟೆ ಸುತ್ತಿ, ಹೊರಕೊಳವೆಯ ಮೇಲೆ ಮಾತ್ರ ಕುದಿಯುವ ನೀರು ಸುರಿಯಿರಿ. 25 ಮಿ.ಮೀ. ಅಗಲದ ಕೊಳವೆ 70 ಡಿಗ್ರಿ ಬಿಸಿಯೇರಿದರೆ ಸುಮಾರು 0.04 ಮಿ.ಮೀ. ಹಿಗ್ಗುತ್ತದೆ. ಕೂದಲೆಳೆಯಷ್ಟೂ ಇಲ್ಲ ಅನ್ನಬೇಡಿ, ಪುಡಿಯ ಹಿಡಿತ ಸಡಿಲಿಸಲು ಅಷ್ಟೇ ಸಾಕಾಗಬಹುದು. ಎರಡೂ ಒಟ್ಟಿಗೆ ಕಾದರೆ ಒಟ್ಟಿಗೇ ಹಿಗ್ಗುತ್ತವೆ, ಲಾಭ ಸೊನ್ನೆ. ಬೆಂಕಿಯ ಉರಿ ಬೇಡ: ಎಣ್ಣೆ ಹೊತ್ತಿಕೊಳ್ಳಬಹುದು, ಅಲ್ಯುಮಿನಿಯಂ ಕೆಂಪಗಾಗಿ ಎಚ್ಚರಿಸದೆ 660 ಡಿಗ್ರಿಗೆ ಕರಗಿಬಿಡುತ್ತದೆ.

ಕೈಗೆ ದಪ್ಪ ಬಟ್ಟೆ ಇರಲಿ. ಹಳೆಯ ಸೈಕಲ್ ಟ್ಯೂಬು ಸುತ್ತಿ ಹಿಡಿದು, ಅತ್ತಿತ್ತ ತಿರುವಿ. ತಿರುಗುವ ಮುನ್ನ ಎಳೆಯಲೇಬೇಡಿ. ವೈಸಿನಲ್ಲಿ ಹಾಗೇ ಬಿಗಿದರೆ ಕೊಳವೆ ಚಪ್ಪಟೆಯಾಗಿ ಕೆಲಸ ಕೆಡುತ್ತದೆ; ಅರ್ಧವೃತ್ತ ಕೊರೆದ ಮರದ ತುಂಡುಗಳ ನಡುವೆ ಹಿಡಿಯಿರಿ. ಒಂದು ಸಲಕ್ಕೆ ಬಾರದಿದ್ದರೆ ಎಣ್ಣೆ, ರಾತ್ರಿ, ಬಿಸಿನೀರು ಮತ್ತೊಮ್ಮೆ. ಪುಡಿ ಕರಗಲಿ ಅಂತ ಕಾಸ್ಟಿಕ್ ಸೋಡಾ ಮಾತ್ರ ಹಾಕಬೇಡಿ. ಅದು ಕೊಳವೆಯನ್ನೇ ತಿನ್ನುತ್ತದೆ.

ಬಿಡಿಸಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಅಲ್ಯುಮಿನಿಯಂ ಜೋಡಣೆಗೆಂದೇ ಸಿಗುವ, ಸತುವಿನ ಪುಡಿ ಬೆರೆತ ಪೇಸ್ಟನ್ನು ತೆಳ್ಳಗೆ ಸವರಿ ಜೋಡಿಸಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಬಿಚ್ಚಿ ನೋಡಿ. ವಾಣಿಜ್ಯದ ಲೆಕ್ಕದಲ್ಲಿ ಹೇಳುವುದಾದರೆ, ಚಿಟಿಕೆ ಪೇಸ್ಟಿನ ಖರ್ಚು ಹೊಸ ಕೊಳವೆಯ ಬೆಲೆಯ ಮುಂದೆ ಏನೂ ಅಲ್ಲ.