ಮಾದಪ್ಪನ ಬೆಟ್ಟಕ್ಕೆ ಹೆಂಗಸರ ದಂಡು

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಮದ್ದೂರು ಬಸ್ ನಿಲ್ದಾಣದಲ್ಲಿ ಮಳವಳ್ಳಿ, ಕೊಳ್ಳೇಗಾಲದ ಬಸ್ಸಿಗೆ ಕಾದು ನಿಂತವರಲ್ಲಿ ಹೆಂಗಸರದೇ ದಂಡು. ಶಿವಪುರದವರು, ಕೊಪ್ಪದ ಕಡೆಯವರು, ಬೆಸಗರಹಳ್ಳಿಯವರು. ಒಬ್ಬೊಬ್ಬರ ಕೈಯಲ್ಲೂ ಒಂದು ವೈರ್ ಬ್ಯಾಗು. ಅದರೊಳಗೆ ಉಡುವುದಕ್ಕೆ ಇನ್ನೊಂದು ಸೀರೆ, ಹೊದೆಯುವುದಕ್ಕೊಂದು ಬೆಡ್‌ಶೀಟು, ಡಬ್ಬಿಯಲ್ಲಿ ಚಿತ್ರಾನ್ನ, ಕವರಿನಲ್ಲಿ ಪುರಿ-ಕಡಲೆ, ಧೂಪದ ಪೊಟ್ಟಣ. ಆಧಾರ್ ಕಾರ್ಡು ಮಾತ್ರ ಬ್ಯಾಗಿನಲ್ಲಿಲ್ಲ, ಕಂಡಕ್ಟರಿಗೆ ತೋರಿಸಬೇಕಲ್ಲ, ಕೈಯಲ್ಲೇ ಇದೆ. ಗಂಡಸರು ಅಂತ ಇದ್ದರೆ ಒಬ್ಬರು ಮುದುಕರು, ಇಲ್ಲವೇ ಅಜ್ಜಿಯ ಸೊಂಟದ ಮೇಲಿನ ಮೊಮ್ಮಗ.

ಬೆಂಗಳೂರಿನ ಚಾರಣ ಕಂಪನಿಗಳು 'ಮಹಿಳೆಯರಿಗೆ ಮಾತ್ರ' ಎಂದು ಜಾಹೀರಾತು ಕೊಟ್ಟು ಶುಕ್ರವಾರ ರಾತ್ರಿ ಟೆಂಪೊ ಟ್ರಾವೆಲರ್ ಹೊರಡಿಸುತ್ತವೆ. ಕುದುರೆಮುಖ, ಕುಮಾರ ಪರ್ವತ ಹತ್ತಿಸಿ, ಹೋಮ್‌ಸ್ಟೇಯಲ್ಲಿ ಊಟ ಹಾಕಿಸಿ, ಒಂದಿಷ್ಟು ಜನಪದ ಹಾಡು ಕೇಳಿಸಿ ಭಾನುವಾರ ರಾತ್ರಿ ಮನೆಗೆ ಬಿಡುತ್ತವೆ. ಒಳ್ಳೆಯ ಕೆಲಸವೇ. ಆದರೆ ಇಲ್ಲಿ ಪರಿಚಯಿಸಲು ಹೊರಟಿರುವುದು ಜಾಹೀರಾತೂ ನೋಂದಣಿಯೂ ಟೀ ಶರ್ಟೂ ಇಲ್ಲದ ಇನ್ನೊಂದು ಏರ್ಪಾಡನ್ನು. ಮದ್ದೂರು–ಮಳವಳ್ಳಿ ಸೀಮೆಯ ಹೆಂಗಸರು ತಾವು ತಾವೇ ಕಟ್ಟಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ, ಅಂದರೆ ಜನರ ಬಾಯಲ್ಲಿನ ಮಾದಪ್ಪನ ಬೆಟ್ಟಕ್ಕೆ, ಹೋಗಿಬರುವ ಪ್ರವಾಸ ಅದು. ಕಾಡು, ಏರು, ಕಥೆ, ಹಾಡು, ಸಾಮೂಹಿಕ ಊಟ ಎಲ್ಲವೂ ಅದರಲ್ಲಿವೆ.

ಈ ಏರ್ಪಾಡು ನಡೆಯುವ ಬಗೆ ಸರಳ. ನಮ್ಮ ಕಡೆ ಮನೆಯ ಹೆಣ್ಣುಮಗಳು 'ಎರಡು ದಿನ ಸುತ್ತಾಡ್ಕೊಂಡ್ ಬತ್ತೀನಿ' ಅಂದರೆ ನೂರೆಂಟು ಪ್ರಶ್ನೆ ಏಳುತ್ತವೆ. ಹಸುವಿಗೆ ಹುಲ್ಲು ಹಾಕುವವರು ಯಾರು, ಡೇರಿಗೆ ಹಾಲು ಹಾಕುವವರು ಯಾರು, ಮಕ್ಕಳ ಗತಿ ಏನು? ಅದೇ ಬಾಯಲ್ಲಿ 'ಹರಕೆ ಐತೆ, ಮಾದಪ್ಪನ್ ಬೆಟ್ಟಕ್ಕೋಗಿ ಬತ್ತೀನಿ' ಅಂದರೆ ಅತ್ತೆಯೂ ಸುಮ್ಮನಾಗುತ್ತಾರೆ, ಗಂಡನೂ ತಲೆಯಾಡಿಸುತ್ತಾನೆ. ಹರಕೆ ಎಂಬುದು ಹೆಂಗಸರ ರಜೆ ಅರ್ಜಿ. ಮಂಜೂರು ಮಾಡುವವನು ಮಾದಪ್ಪ, ತಳ್ಳಿಹಾಕುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಹಾಗೆಂದು ಭಕ್ತಿಯೆಲ್ಲ ನೆಪ ಎಂದುಕೊಂಡರೆ ಈ ಹೆಂಗಸರಿಗೆ ಅನ್ಯಾಯ ಮಾಡಿದಂತೆ. ಮಗುವಿಗೆ ಜ್ವರ ಬಂದಾಗ ಕಟ್ಟಿಕೊಂಡ ಮುಡಿಪು ನಿಜ, ಬೆಟ್ಟದ ಗಾಳಿಗೆ ಮೈ ಒಡ್ಡಿ ಎರಡು ದಿನ ಒಲೆಯ ಮುಖ ನೋಡದೆ ಇರುವ ಸುಖವೂ ನಿಜ.

ಹೆಂಗಸರು ಹೀಗೆ ಅಪ್ಪಣೆ ಪಡೆದು ಹೊರಟರೆ, ಅವರ ಊರುಗಳಲ್ಲೊಂದಾದ ಶಿವಪುರವಾದರೋ ಅಪ್ಪಣೆ ಮೀರಿ ಹೆಸರು ಮಾಡಿದ ಊರು. 1938ರ ಏಪ್ರಿಲ್ 11ರಂದು ನಿಷೇಧಾಜ್ಞೆಯನ್ನು ಲೆಕ್ಕಿಸದೆ, ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಮೈಸೂರು ಕಾಂಗ್ರೆಸ್ ಇಲ್ಲಿ ಧ್ವಜ ಸತ್ಯಾಗ್ರಹ ನಡೆಸಿತು. ಅದರ ನೆನಪಿಗೆ ಸತ್ಯಾಗ್ರಹ ಸೌಧ ನಿಂತಿದೆ. ಬೆಟ್ಟಕ್ಕೆ ಹೊರಟ ಹೊರ ಊರಿನವರು ಒಂದು ಗಳಿಗೆ ಒಳಗೆ ಹೋಗಿ ನೋಡಿ ಬಸ್ ಹತ್ತಿದರೆ ನಷ್ಟವೇನಿಲ್ಲ.

ಮನೆಯಲ್ಲಿ ಅಪ್ಪಣೆ ಸಿಕ್ಕಿದ ಮೇಲೆ ಎರಡನೆಯ ತೊಡಕು ದುಡ್ಡಿನದು. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದು ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಓಡಾಟ ಉಚಿತವಾದದ್ದೇ ತಡ, ಆ ತೊಡಕೂ ಅರ್ಧ ಕರಗಿತು. 'ಹೆಂಗಸರೆಲ್ಲ ದೇವಸ್ಥಾನ ಸುತ್ತೋಕೆ ಹೊಂಟ್‌ಬುಟ್ರು' ಎಂದು ಅರಳಿಕಟ್ಟೆಯ ಮೇಲೆ ಕೂತು ನಕ್ಕವರು ಬಹಳ. ಅವರಲ್ಲಿ ಅನೇಕರು ತಾವೇ ವರ್ಷಕ್ಕೊಂದು ಸಲ ಗೆಳೆಯರ ಜೊತೆ ಟೂರ್ ಹೊಡೆದು ಬಂದವರು ಎಂಬುದನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತೇನೆ.

ದಾರಿ ಚೆಂದ. ಮದ್ದೂರಿನ ಮಗ್ಗುಲಲ್ಲಿ ಹರಿಯುವ ಶಿಂಷೆ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬಸ್ಸು ಮಳವಳ್ಳಿ ದಾಟಿದರೆ ಶಿವನಸಮುದ್ರದ ತಿರುವು. ಗಗನಚುಕ್ಕಿ ಜಲಪಾತ ಈ ಕಡೆ, ಭರಚುಕ್ಕಿ ಕೊಳ್ಳೇಗಾಲದ ಕಡೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟದ್ದು ಇಲ್ಲಿಂದಲೇ. ಆಮೇಲೆ ಕೊಳ್ಳೇಗಾಲ, ಹನೂರು, ಕೌದಳ್ಳಿ. ತಾಳುಬೆಟ್ಟ ಬಂತೆಂದರೆ ಬಯಲು ಮುಗಿಯಿತು, ಮಲೆ ಶುರುವಾಯಿತು.

ನಡೆಯುವ ಹರಕೆ ಹೊತ್ತವರು ಇಳಿಯುವುದು ಇಲ್ಲಿ. ಶಿವರಾತ್ರಿಯ ಹೊತ್ತಿಗೆ ಊರಿನಿಂದಲೇ ಕಾಲ್ನಡಿಗೆಯಲ್ಲಿ ಹೊರಡುವವರೂ ಇದ್ದಾರೆ. ಕನಕಪುರದ ಕಡೆಯಿಂದ ಬರುವವರು ಕಾವೇರಿಯನ್ನು ಹಗ್ಗ ಹಿಡಿದು ನೀರಿನಲ್ಲೇ ದಾಟುತ್ತಾರೆ. ಬಸ್ಸಿನಲ್ಲಿ ಬಂದವರ ಪಾಲಿಗೆ ತಾಳುಬೆಟ್ಟದಿಂದ ಮೇಲಿನ ಏರೇ ಚಾರಣ. ಚಪ್ಪಲಿ ಕಳಚಿ ಬ್ಯಾಗಿಗೆ ತುರುಕುತ್ತಾರೆ, ನೆರಿಗೆ ಎತ್ತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ, 'ಉಘೇ ಮಾದಪ್ಪ' ಎಂದು ಒಂದು ಸಲ ಕೂಗಿ ಹೊರಡುತ್ತಾರೆ. ಯಾರೂ ಓಡುವುದಿಲ್ಲ. ಮಂಡಿನೋವಿನ ದೊಡ್ಡಮ್ಮನ ಹೆಜ್ಜೆಯೇ ಎಲ್ಲರ ಹೆಜ್ಜೆ. ಆಕೆ ಕೂತರೆ ಗುಂಪೆಲ್ಲ ಕೂರುತ್ತದೆ, ಎಲೆಯಡಿಕೆ ಹೊರಗೆ ಬರುತ್ತದೆ, ಯಾರದೋ ಸೊಸೆಯ ವಿಷಯ ಅರ್ಧದಲ್ಲಿ ನಿಂತದ್ದು ಮುಂದುವರಿಯುತ್ತದೆ. ಅಂಗಾಲಿನಲ್ಲಿ ಬೊಬ್ಬೆ ಎದ್ದರೆ ಹರಳೆಣ್ಣೆ. ಗುಂಪಿನ ತೀರಾ ನಿಧಾನದವರ ವೇಗದಲ್ಲಿ ಎಲ್ಲರೂ ನಡೆಯಬೇಕು ಎಂಬ ನಿಯಮವನ್ನು ಚಾರಣದ ತರಬೇತಿಯಲ್ಲಿ ಮೊದಲ ದಿನ ಹೇಳಿಕೊಡುತ್ತಾರೆ. ಇಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

ಯಾವ ಭಕ್ತಿಗೀತೆಯಲ್ಲೂ ಬಾರದ ಒಂದು ಸಂಗತಿ ಇದೆ. ಏರು ಹತ್ತುವಾಗ ಹೆಂಗಸರು ಬೇಕಾದಷ್ಟು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗುವುದಕ್ಕೆ ಮರೆ ಹುಡುಕಬೇಕು. ಹೆಂಗಸರೇ ಇರುವ ಗುಂಪಿನಲ್ಲಿ ಆ ಸಂಕೋಚ ಅರ್ಧಕ್ಕರ್ಧ ಇಳಿಯುತ್ತದೆ. ಇಬ್ಬರು ಸೀರೆ ಅಡ್ಡ ಹಿಡಿದರೆ ಮುಗಿಯಿತು. 'ಹೆಂಗಸರೇ ಯಾಕೆ ಹೋಗಬೇಕು, ನಾವು ಬಂದರೆ ಏನು' ಎಂದು ಕೇಳುವ ಗಂಡಸರಿಗೆ ಇಷ್ಟು ಉತ್ತರ ಸಾಕು.

ಮೇಲೆ ತಲುಪಿದ ಮೇಲೆ ಅಂತರಗಂಗೆಯಲ್ಲಿ ಸ್ನಾನ, ಧೂಪ, ಹುಲಿವಾಹನದ ಮೆರವಣಿಗೆ, ಕಸ ಗುಡಿಸಿ 'ರಜ ಹೊಡೆಯುವ' ಸೇವೆ, ದಾಸೋಹದ ಊಟ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 108 ಅಡಿಯ ಮಹದೇಶ್ವರನ ಪ್ರತಿಮೆಯ ಮುಂದೆ ಫೋಟೊ. ಇವೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. ನಿಜವಾದ ಸಾಂಸ್ಕೃತಿಕ ಪ್ರವಾಸ ಶುರುವಾಗುವುದು ರಾತ್ರಿ, ಎಲ್ಲೋ ಒಂದು ಮೂಲೆಯಲ್ಲಿ ಕಂಸಾಳೆಯ ತಾಳ ಕಿಣಿಕಿಣಿ ಎಂದು ಮಾದಪ್ಪನ ಕಥೆಗಳ ಹಾಡು ಎದ್ದಾಗ. ಮಳವಳ್ಳಿ ಸೀಮೆಯವರಿಗೆ ಈ ಕಥೆಗಳು ಹೊಸವಲ್ಲ. ಮಂಟೇಸ್ವಾಮಿಯ ನೀಲಗಾರರು, ಮಾದಪ್ಪನ ದೇವರಗುಡ್ಡರು ಮನೆ ಬಾಗಿಲಿಗೇ ಬಂದು ಹಾಡುವ ನಾಡು ಅದು. ಜನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳನ್ನು ಕೇಳಿಯೇ ಒಂದು ತಲೆಮಾರು ಬೆಳೆದಿದೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಅಚ್ಚಿಗೆ ತಂದ ಮಲೆಯ ಮಾದೇಶ್ವರ ಮಹಾಕಾವ್ಯದಲ್ಲಿ ಹೆಣ್ಣುಗಳ ಹೆಸರಿನವೇ ಹಲವು 'ಸಾಲು'ಗಳು, ಅಂದರೆ ಕಥಾಭಾಗಗಳು, ಇವೆ: ಸಂಕಮ್ಮ, ಬೇವಿನಹಟ್ಟಿ ಕಾಳಮ್ಮ, ಇಕ್ಕೇರಿ ದೇವಮ್ಮ.

ಇವುಗಳಲ್ಲಿ ಹೆಂಗಸರು ಕಣ್ಣೀರು ಹಾಕಿಕೊಂಡು ಕೇಳುವುದು ಸಂಕಮ್ಮನ ಸಾಲನ್ನು. ಗಂಡ ನೀಲೇಗೌಡ ಬೇಟೆಗೆ, ಜೇನಿಗೆ ಎಂದು ದೂರದ ಮಲೆಗೆ ಹೊರಡುತ್ತಾನೆ. ತಾನಿಲ್ಲದಾಗ ಹೆಂಡತಿ ನೆಟ್ಟಗಿರುತ್ತಾಳೋ ಇಲ್ಲವೋ ಎಂಬ ಅನುಮಾನ. 'ಬಲಗೈ ಭಾಷೆ' ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಕೊಡಬಾರದ ಹಿಂಸೆ ಕೊಟ್ಟು ಕಾಡಿನ ಗುಡಿಸಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಅಲ್ಲಿಗೆ ಬರುವವನು ಮಾದಪ್ಪ. ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳು ಆತನ ವರದಿಂದ ಹುಟ್ಟಿದವರು. ಗಂಡ ಕೇಳಿದ ಪ್ರಮಾಣವನ್ನು ನಿರಾಕರಿಸಿದ ಹೆಣ್ಣಿನ ಬೆನ್ನಿಗೆ ನಿಂತ ದೇವರು ಈತ. ಮನೆಯಲ್ಲಿ ಹೇಳಿಕೇಳಿ, ಒಪ್ಪಿಸಿ, ಎರಡು ದಿನದ ಬಿಡುವು ಪಡೆದು ಬಂದ ಹೆಂಗಸರು ಆ ರಾತ್ರಿ ಈ ಕಥೆಯನ್ನು ಕೇಳುತ್ತಾರೆ. ಅವರು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಯಾವ ಸಂಶೋಧಕರೂ ಬಿಡಿಸಿ ಹೇಳಬೇಕಿಲ್ಲ.

ಬೆಟ್ಟದಲ್ಲಿ ಹೆಣ್ಣುಮಕ್ಕಳದೇ ಆದ ಇನ್ನೊಂದು ನಡಿಗೆ ಇದೆ. ದೀಪಾವಳಿ ಅಮಾವಾಸ್ಯೆಯ ದಿನ ನಡೆಯುವ ಹಾಲರವಿ ಉತ್ಸವ. ಇಲ್ಲಿನ ಅರ್ಚಕ ಸಮುದಾಯವಾದ ಬೇಡಗಂಪಣರ ಮನೆಗಳ 101 ಪುಟ್ಟ ಹೆಣ್ಣುಮಕ್ಕಳು ಉಪವಾಸವಿದ್ದು, ಮಡಿಯುಟ್ಟು, ಬರಿಗಾಲಿನಲ್ಲಿ ಕಾಡಿನೊಳಗಿನ ಹಾಲರೆ ಹಳ್ಳಕ್ಕೆ ಹೋಗುತ್ತಾರೆ. ಮಿಂದು, ಕಳಶಗಳಲ್ಲಿ ನೀರು ತುಂಬಿ, ತಲೆಯ ಮೇಲೆ ಹೊತ್ತು ಕಾಡುದಾರಿಯಲ್ಲಿ ಸಾಲಾಗಿ ಬೆಟ್ಟಕ್ಕೆ ಬರುತ್ತಾರೆ. ಸತ್ತಿಗೆ, ಸೂರಪಾನಿ, ವಾದ್ಯ ಜೊತೆಗಿರುತ್ತವೆ. ಮಾದಪ್ಪನಿಗೆ ಅಂದಿನ ಅಭಿಷೇಕ ಆ ನೀರಿನಿಂದ. ಹೊತ್ತವರಲ್ಲಿ ಹೆಚ್ಚಿನವರು ಪ್ರಾಥಮಿಕ ಶಾಲೆಯ ಮಕ್ಕಳು. ಕೊಡ ತುಳುಕಿದರೆ ಕಿವಿಯ ಹಿಂದೆ ನೀರು ಇಳಿಯುತ್ತದೆ. ಒಂದು ಕೈ ಕೊಡದ ಮೇಲೆ, ಇನ್ನೊಂದು ಕೈ ಕಾಲಿಗೆ ತೊಡರುವ ಸೀರೆಯ ನೆರಿಗೆಯ ಮೇಲೆ. ಮಾರನೆಯ ಪಾಡ್ಯಕ್ಕೆ ತೇರು. ಮೆಚ್ಚುವ ಜೊತೆಗೆ ಒಂದು ಮಾತು ಸೇರಿಸಬೇಕು. ಈ ಗೌರವ ಸಿಗುವುದು ಎಳೆಯ ಹುಡುಗಿಯರಿಗೆ ಮಾತ್ರ, ದೊಡ್ಡವರಾದ ಮೇಲೆ ಆ ಕಳಶ ಅವರ ತಲೆಯಿಂದ ಇಳಿಯುತ್ತದೆ.

ಹರಕೆಯ ಗೊಡವೆಯಿಲ್ಲದೆ ಬರೀ ನಡೆಯಬೇಕು ಎನ್ನುವವರಿಗೆ ನಾಗಮಲೆ ಇದೆ. ಬೆಟ್ಟದಿಂದ ಇಂಡಿಗನತ್ತದವರೆಗೆ ಜೀಪಿನಲ್ಲಿ ಹೋಗಿ ಅಲ್ಲಿಂದ ಏರಬೇಕು. ತುದಿಯಲ್ಲಿ ಹೆಡೆಯೆತ್ತಿದ ಹಾವಿನಂಥ ಬಂಡೆ, ಅದರ ನೆರಳಿನಲ್ಲಿ ಲಿಂಗ. ಆಚೆಗೆ ತಮಿಳುನಾಡಿನ ಮಲೆಗಳ ಸಾಲು. ಜನ ಮುಗಿಬಿದ್ದದ್ದರಿಂದ 2024ರಲ್ಲಿ ಅರಣ್ಯ ಇಲಾಖೆ ರಾಜ್ಯದ ಹಲವು ಚಾರಣಗಳಿಗೆ ತಡೆ ಹಾಕಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬಂತು. ಕಾಡಿನ ದೃಷ್ಟಿಯಿಂದ ಸರಿಯಾದ ಕ್ರಮವೇ. ಇದು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ, 900 ಚದರ ಕಿ.ಮೀ.ಗೂ ಮಿಕ್ಕಿದ ಕಾಡು. ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಈ ಕಾಡಿನಲ್ಲೇ 2025ರ ಜೂನ್‌ನಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷಪ್ರಾಶನಕ್ಕೆ ಬಲಿಯಾದವು. ಆದರೆ ಮೊಬೈಲಿನಲ್ಲಿ ಬುಕಿಂಗ್ ಮಾಡಲು ಬಾರದ ಹೆಂಗಸರ ಗುಂಪಿಗೆ ಈ ಆನ್‌ಲೈನ್ ವ್ಯವಸ್ಥೆ ಹೊಸ ಗೇಟು. ಊರಿನಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳನ್ನು ಜೊತೆಗೆ ಸೇರಿಸಿಕೊಂಡರೆ ಬುಕಿಂಗೂ ಆಗುತ್ತದೆ, ಅವಳ ಪ್ರವಾಸವೂ ಆಗುತ್ತದೆ.

ಇಂಡಿಗನತ್ತದ ಹೆಸರು ಚಾರಣಿಗರಿಗೆ ಗೊತ್ತಾದದ್ದು ನಾಗಮಲೆಯಿಂದ, ಉಳಿದವರಿಗೆ 2024ರ ಏಪ್ರಿಲ್‌ನಲ್ಲಿ. ಮೂಲಸೌಕರ್ಯವಿಲ್ಲವೆಂದು ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದ ಆ ಊರಿನಲ್ಲಿ ಮತಗಟ್ಟೆಯೇ ಧ್ವಂಸವಾಗಿ ಮರುಮತದಾನ ನಡೆಸಬೇಕಾಯಿತು. ಸುತ್ತಲಿನ ದೊಡ್ಡಾಣೆಯಂಥ ಊರುಗಳಿಂದ ಗರ್ಭಿಣಿಯರನ್ನು ಡೋಲಿ ಕಟ್ಟಿ ಕಾಡಿನಲ್ಲಿ ಮೈಲುಗಟ್ಟಲೆ ಹೊತ್ತು ತಂದ ಸುದ್ದಿಗಳನ್ನು ಓದಿದ್ದೇವೆ. 2022ರಲ್ಲಿ 'ಜನ-ವನ ಸಾರಿಗೆ' ಎಂಬ ಜೀಪುಗಳ ವ್ಯವಸ್ಥೆ ಬಂತು, ಸ್ವಲ್ಪ ಅನುಕೂಲವಾಯಿತು. ನಾವು ಶೂ ಬಿಗಿದು ಖುಷಿಗೆ ಹತ್ತುವ ಇದೇ ಏರನ್ನು ಇಲ್ಲಿನ ಹೆಂಗಸರು ಪಡಿತರದ ಅಕ್ಕಿ ಹೊತ್ತು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹತ್ತುತ್ತಾರೆ. ಹೆಂಗಸರ ಚಾರಣದ ಬಗ್ಗೆ ಬರೆಯುವವರು ಇದನ್ನು ಬಿಟ್ಟು ಬರೆದರೆ ಬರಹ ಅರ್ಧ.

ವಯಸ್ಸಾಯಿತು ಎನ್ನುವವರಿಗೊಂದು ಮಾತು. 2022ರಲ್ಲಿ ಪರ್ವತಾರೋಹಿ ಬಚೇಂದ್ರಿ ಪಾಲ್ ಅವರ ಮುಂದಾಳತ್ವದಲ್ಲಿ, ಐವತ್ತು ದಾಟಿದವರೇ ಇದ್ದ ಹೆಂಗಸರ ತಂಡ ಅರುಣಾಚಲದಿಂದ ಕಾರ್ಗಿಲ್ ಸೀಮೆಯವರೆಗೆ ಹಿಮಾಲಯದುದ್ದಕ್ಕೂ 4,800 ಕಿ.ಮೀ.ಗೂ ಹೆಚ್ಚು ದೂರ ಸಾಗಿತು. ಮಾರ್ಚ್‌ನಲ್ಲಿ ಹೊರಟವರು ಮುಗಿಸಿದ್ದು ಜುಲೈನಲ್ಲಿ. ಅದರಲ್ಲಿ ಬೆಂಗಳೂರಿನ ವಸುಮತಿ ಶ್ರೀನಿವಾಸನ್, ಮೈಸೂರಿನ ಶ್ಯಾಮಲಾ ಪದ್ಮನಾಭನ್ ಇದ್ದರು, ಇಬ್ಬರೂ ಅರುವತ್ತು ದಾಟಿದವರು. ಪತ್ರಿಕೆಗಳು ಬೆರಗಿನಿಂದ ಬರೆದವು. ತಾಳುಬೆಟ್ಟದ ಏರನ್ನು ಪ್ರತಿ ವರ್ಷ ಬರಿಗಾಲಲ್ಲಿ ಹತ್ತುವ ನಮ್ಮ ದೊಡ್ಡಮ್ಮಂದಿರ ವಯಸ್ಸನ್ನು ಯಾರೂ ಕೇಳಿಲ್ಲ, ಅಷ್ಟೇ.

ಹೊರಡುವವರು ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳ ನೂಕುನುಗ್ಗಲು ತಪ್ಪಿಸಿ, ಮಳೆ ನಿಂತು ಚಳಿ ಕಾಲಿಟ್ಟ ದಿನಗಳಲ್ಲಿ ಹೋಗಿ. ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಕಾಡುದಾರಿ ಬೇಡ, ಎಷ್ಟೇ ಜನರಿದ್ದರೂ ಸಂಜೆಯಾದ ಮೇಲೆ ಬೇಡ. ಪ್ಲಾಸ್ಟಿಕ್ ಒಯ್ಯಬೇಡಿ. ನೀರು ಧಾರಾಳವಾಗಿ ಕುಡಿಯಿರಿ. ಅದಕ್ಕೆ ತಕ್ಕಂತೆ ತಾಳುಬೆಟ್ಟದ ನಡಿಗೆಯ ದಾರಿಯುದ್ದಕ್ಕೂ ನೀರು ಬರುವ ಶೌಚಾಲಯ, ಅಂತರಗಂಗೆಯ ಬಳಿ ಬಾಗಿಲು ಭದ್ರವಿರುವ ಬಟ್ಟೆ ಬದಲಿಸುವ ಕೋಣೆ ಇನ್ನಷ್ಟು ಕಟ್ಟಿಸುವುದು ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಮೊದಲ ಕೆಲಸವಾಗಲಿ, ಕಮಾನು–ಪ್ರತಿಮೆಗಳು ಆಮೇಲೆ. ಅರಣ್ಯ ಇಲಾಖೆಗೂ ಒಂದು ಅರಿಕೆ: ಹೆಂಗಸರ ಗುಂಪು ನಾಗಮಲೆಗೆ ಬುಕ್ ಮಾಡಿದಾಗ ಜೊತೆಗೆ ಕಳುಹಿಸಲು ಇಂಡಿಗನತ್ತದ, ದೊಡ್ಡಾಣೆಯ ಹೆಣ್ಣುಮಕ್ಕಳಿಗೇ ಗೈಡ್ ತರಬೇತಿ ಕೊಡಿ. ದಾರಿ ಅವರಿಗೆ ಗೊತ್ತಿದೆ, ಕೂಲಿಯೂ ಅವರಿಗೇ ಸೇರಲಿ.