ಬ್ರಸೆಲ್ಸ್‌ನಲ್ಲಿ ಮಾಲೀಕರ ಮಾತಿಗೆ ಎಷ್ಟು ಬೆಲೆ?

ಮಗುವನ್ನು ನೋಡಿಕೊಳ್ಳಲು ತಾಯಿಗಷ್ಟೇ ಅಲ್ಲ, ತಂದೆಗೂ ಕೆಲವು ತಿಂಗಳ ರಜೆ ಬೇಕು ಎಂದರೆ ಮೊದಲು ಹುಬ್ಬು ಗಂಟಿಕ್ಕುವವರು ಮಾಲೀಕರು. ರಜೆ ಹೋದವನ ಕೆಲಸ ಮಾಡುವವರಾರು, ಬದಲಿಗೆ ಬಂದವನನ್ನು ಪಳಗಿಸುವವರಾರು ಎಂಬುದು ಅವರ ಚಿಂತೆ. 1983ರಲ್ಲಿ ಯೂರೋಪಿನಲ್ಲಿ ಇಂಥದೊಂದು ಪ್ರಸ್ತಾವ ಬಂದಾಗ ಬ್ರಿಟನ್ ಸರ್ಕಾರ ಅಡ್ಡಗಾಲು ಹಾಕಿತು. ಹನ್ನೆರಡು ವರ್ಷ ಅದು ಕಡತದಲ್ಲೇ ಧೂಳು ತಿಂದಿತು. ಕೊನೆಗೆ 1995ರ ಡಿಸೆಂಬರ್ 14ರಂದು ಅದಕ್ಕೆ ಮರುಜೀವ ಬಂದದ್ದು ಮಂತ್ರಿಗಳ ಸಭೆಯಿಂದಲ್ಲ. ಕಾರ್ಮಿಕ ಸಂಘಗಳ ಜೊತೆ ಕುಳಿತು ಮಾಲೀಕರ ಪ್ರತಿನಿಧಿಗಳೇ ಸಹಿ ಹಾಕಿದ ಒಪ್ಪಂದದಿಂದ.

ಇದು ಸಾಧ್ಯವಾದದ್ದು ಹೇಗೆ? ಐರೋಪ್ಯ ಒಕ್ಕೂಟದಲ್ಲಿ ಕಾನೂನಿನ ಪ್ರಸ್ತಾವ ಮಂಡಿಸುವುದು ಬ್ರಸೆಲ್ಸ್‌ನಲ್ಲಿರುವ ಆಯೋಗ. ಅದಕ್ಕೆ ಒಪ್ಪಿಗೆ ಕೊಡುವುದು ಸದಸ್ಯ ದೇಶಗಳ ಮಂತ್ರಿಗಳ ಮಂಡಳಿ ಮತ್ತು ಐರೋಪ್ಯ ಸಂಸತ್ತು. ಆದರೆ ಪ್ರಸ್ತಾವಕ್ಕೂ ಒಪ್ಪಿಗೆಗೂ ನಡುವೆ, ಕೆಲವೊಮ್ಮೆ ಪ್ರಸ್ತಾವಕ್ಕೂ ಮೊದಲೇ, ದುಡಿಸಿಕೊಳ್ಳುವವರ ಮತ್ತು ದುಡಿಯುವವರ ಮಾತು ಕೇಳಬೇಕೆಂಬ ನಿಯಮವಿದೆ. ಮಾಲೀಕರ ಪಾಲಿಗೆ ಹೀಗೆ ಎರಡು ಬಾಗಿಲುಗಳು ತೆರೆದಿವೆ. ಒಂದು ಸಲಹೆಯದು, ಇನ್ನೊಂದು ಚೌಕಾಸಿಯದು.

ಸಲಹೆಯ ಬಾಗಿಲು ಹಳೆಯದು. ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸ್, ಜರ್ಮನಿ ಸೇರಿದಂತೆ ಆರು ದೇಶಗಳು 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿಗಾಗಿ ಒಂದು ಸಮುದಾಯ ಕಟ್ಟಿಕೊಂಡಾಗಲೇ ಅದರೊಳಗೆ ಒಂದು ಸಲಹಾ ಸಮಿತಿಯನ್ನು ಇರಿಸಿದ್ದವು. ಉತ್ಪಾದಕರು, ಕಾರ್ಮಿಕರು, ಬಳಕೆದಾರರು ಹಾಗೂ ವರ್ತಕರು ಅದರಲ್ಲಿ ಸಮಸಂಖ್ಯೆಯಲ್ಲಿ ಕೂರುತ್ತಿದ್ದರು. ಗಣಿ ಮುಚ್ಚಿದರೆ ಬೀದಿಗೆ ಬೀಳುವವನನ್ನೂ ಗಣಿಯ ಒಡೆಯನನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದು ಅದರ ಉದ್ದೇಶ. 1957ರ ರೋಮ್ ಒಪ್ಪಂದ ಇದೇ ಮಾದರಿಯನ್ನು ಹಿಗ್ಗಿಸಿ ಆರ್ಥಿಕ ಮತ್ತು ಸಾಮಾಜಿಕ ಸಮಿತಿಯನ್ನು ಹುಟ್ಟುಹಾಕಿತು. ಅದು ಮೊದಲ ಬಾರಿಗೆ ಸೇರಿದ್ದು 1958ರ ಮೇ ತಿಂಗಳಲ್ಲಿ.

ಬ್ರಿಟನ್ 2020ರಲ್ಲಿ ಒಕ್ಕೂಟ ಬಿಟ್ಟ ಮೇಲೆ ಈ ಸಮಿತಿಗೆ ಉಳಿದದ್ದು 329 ಸ್ಥಾನಗಳು. ಜರ್ಮನಿ, ಫ್ರಾನ್ಸ್, ಇಟಲಿಗೆ ತಲಾ 24. ಪುಟ್ಟ ಮಾಲ್ಟಾಕ್ಕೆ 5. ಸದಸ್ಯರ ಹೆಸರನ್ನು ಆಯಾ ದೇಶದ ಸರ್ಕಾರ ಸೂಚಿಸುತ್ತದೆ, ಮಂತ್ರಿಗಳ ಮಂಡಳಿ ಐದು ವರ್ಷಕ್ಕೆ ನೇಮಿಸುತ್ತದೆ. ಒಳಗೆ ಮೂರು ಗುಂಪುಗಳು: ಮಾಲೀಕರು, ಕಾರ್ಮಿಕರು, ಮತ್ತು ರೈತರು, ಗ್ರಾಹಕರು ಮೊದಲಾದವರನ್ನು ಒಳಗೊಂಡ ನಾಗರಿಕ ಸಂಘಟನೆಗಳು. ಮಾಲೀಕರ ಗುಂಪಿಗೆ ಬರುವವರು ಬಹುಮಟ್ಟಿಗೆ ಕೈಗಾರಿಕಾ ಒಕ್ಕೂಟಗಳ, ವಾಣಿಜ್ಯ ಮಂಡಳಿಗಳ ಪದಾಧಿಕಾರಿಗಳು ಮತ್ತು ಉದ್ಯಮಿಗಳು. ಅವರಿಗೆ ಸಂಬಳವಿಲ್ಲ, ಪ್ರಯಾಣದ ಖರ್ಚು ಮತ್ತು ದಿನಭತ್ಯೆಯಷ್ಟೇ.

ಕೆಲಸದ ಕ್ರಮ ಹೀಗಿದೆ. ಆಯೋಗದಿಂದ ಒಂದು ಪ್ರಸ್ತಾವ ಬಂದ ಕೂಡಲೇ ಅದು ವಿಷಯಕ್ಕೆ ತಕ್ಕ ಉಪವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಒಬ್ಬ ಸದಸ್ಯನಿಗೆ ಕರಡು ಬರೆಯುವ ಹೊಣೆ. ಜೊತೆಗೆ ಮೂರೂ ಗುಂಪಿನವರಿರುವ ಚಿಕ್ಕ ಅಧ್ಯಯನ ತಂಡ. ಕಾರ್ಮಿಕ ಮುಖಂಡ ಕರಡು ಬರೆದರೆ ಮಾಲೀಕರ ಕಡೆಯವರು ಸಾಲುಸಾಲಿಗೂ ತಿದ್ದುಪಡಿ ಕೇಳುತ್ತಾರೆ. ಮಾಲೀಕ ಬರೆದರೆ ಅವರ ಸರದಿ. ಹೀಗೆ ಸವೆದು ಹದಗೊಂಡ ಕರಡು ಮಹಾಸಭೆಯ ಮತಕ್ಕೆ ಬರುತ್ತದೆ. ಅಂಗೀಕಾರವಾದರೆ ಅದೇ ಸಮಿತಿಯ ‘ಅಭಿಪ್ರಾಯ’. ಯಾರೂ ಕೇಳದೆಯೇ ತಾನಾಗಿ ಅಭಿಪ್ರಾಯ ಕೊಡುವ ಹಕ್ಕನ್ನೂ ಸಮಿತಿ 1972ರಲ್ಲಿ ಗಳಿಸಿಕೊಂಡಿತು.

ಮೂರರಲ್ಲಿ ಒಂದು ಗುಂಪಾದ ಮಾಲೀಕರು ತಮ್ಮ ಬಲವೊಂದರಿಂದಲೇ ಮತ ಗೆಲ್ಲಲಾರರು. ಆದರೂ ಅವರ ಮಾತು ಗಾಳಿಗೆ ಹೋಗುವುದಿಲ್ಲ. ಬಿದ್ದುಹೋದ ತಿದ್ದುಪಡಿಗೆ ಚಲಾಯಿತ ಮತಗಳಲ್ಲಿ ಕಾಲು ಭಾಗವಾದರೂ ಸಿಕ್ಕಿದ್ದರೆ ಅದನ್ನು ಅಭಿಪ್ರಾಯದ ಜೊತೆಗೇ ಅನುಬಂಧವಾಗಿ ಸೇರಿಸಬೇಕು. ಮಂತ್ರಿಗಳಿಗೆ ಓದಲು ಸಿಗುವುದು ಗೆದ್ದವರ ಮಾತಷ್ಟೇ ಅಲ್ಲ, ಸೋತವರ ವಾದವೂ ಹೌದು.

ಆದರೆ ಸಲಹೆ ಸಲಹೆಯೇ. ಆಯೋಗವಾಗಲಿ ಸಂಸತ್ತಾಗಲಿ ಅದನ್ನು ಪಾಲಿಸಲೇಬೇಕೆಂಬ ಕಟ್ಟಳೆಯಿಲ್ಲ. ಮಾಲೀಕರ ಮಾತು ಕಾನೂನಾಗಿಯೇ ಹೊರಬರುವುದು ಎರಡನೆಯ ಬಾಗಿಲಿನಿಂದ.

ಆ ಬಾಗಿಲು ತೆರೆದವರು ಫ್ರಾನ್ಸ್‌ನ ಜಾಕ್ ದೆಲೋರ್. 1985ರ ಜನವರಿಯಲ್ಲಿ ಆಯೋಗದ ಅಧ್ಯಕ್ಷರಾದ ಅವರು ಅದೇ ತಿಂಗಳು 31ರಂದು ಬ್ರಸೆಲ್ಸ್ ಅಂಚಿನ ವಾಲ್ ದುಶೆಸ್ ಎಂಬ ಹಳೆಯ ಬಂಗಲೆಗೆ ಎರಡೂ ಕಡೆಯವರನ್ನು ಕರೆದರು. ಖಾಸಗಿ ಮಾಲೀಕರ ಒಕ್ಕೂಟ ‘ಯುನಿಸ್’, ಸಾರ್ವಜನಿಕ ಉದ್ದಿಮೆಗಳ ‘ಸೀಪ್’ ಒಂದು ಕಡೆ. ಐರೋಪ್ಯ ಕಾರ್ಮಿಕ ಸಂಘಗಳ ಮಹಾಒಕ್ಕೂಟ ಇನ್ನೊಂದು ಕಡೆ. ಮೊದಮೊದಲು ಚರ್ಚೆಯಾಯಿತೇ ಹೊರತು ಯಾರನ್ನೂ ಕಟ್ಟಿಹಾಕುವ ಒಪ್ಪಂದವಾಗಲಿಲ್ಲ. ಮಾಲೀಕರಿಗೆ ಯೂರೋಪಿನ ಮಟ್ಟದ ಚೌಕಾಸಿಯೇ ಬೇಕಿರಲಿಲ್ಲ.

ಪರಿಸ್ಥಿತಿ ಬದಲಾದದ್ದು 1991ರಲ್ಲಿ. ಸಾಮಾಜಿಕ ವಿಷಯಗಳಲ್ಲಿ ಇನ್ನು ಬಹುಮತದಿಂದ ಕಾನೂನು ಆಗಬಹುದು, ಒಂದು ದೇಶದ ತಡೆ ಸಾಲದು ಎಂಬುದು ಸ್ಪಷ್ಟವಾಗತೊಡಗಿತು. ಬೇರೆಯವರು ಬರೆದ ಕಾನೂನನ್ನು ಹೊರುವುದಕ್ಕಿಂತ ತಾವೇ ಕೂತು ಬರೆಯುವುದು ಲೇಸೆಂದು ಮಾಲೀಕರು ಮನಸ್ಸು ಬದಲಿಸಿದರು. ಆ ವರ್ಷದ ಅಕ್ಟೋಬರ್ 31ರಂದು ಎರಡೂ ಕಡೆಯವರು ಒಪ್ಪಿದ ಕರಡು ಹೆಚ್ಚುಕಡಿಮೆ ಹಾಗೆಯೇ ಮಾಸ್ಟ್ರಿಕ್ಟ್ ಒಪ್ಪಂದದ ಸಾಮಾಜಿಕ ವಿಧಿಯಾಯಿತು. ಬ್ರಿಟನ್ ಮಾತ್ರ ಹೊರಗುಳಿಯಿತು. ಅದರ ಪ್ರಕಾರ ಆಯೋಗ ಎರಡು ಸಲ ಸಮಾಲೋಚಿಸಬೇಕು: ಮೊದಲು ಕಾನೂನು ಬೇಕೇ ಎಂದು, ನಂತರ ಅದರಲ್ಲಿ ಏನಿರಬೇಕು ಎಂದು. ಆಗ ಎರಡೂ ಕಡೆಯವರು ‘ನಾವೇ ಮಾತಾಡಿಕೊಳ್ಳುತ್ತೇವೆ’ ಎಂದರೆ ಒಂಬತ್ತು ತಿಂಗಳ ಕಾಲಾವಕಾಶ. ಒಪ್ಪಂದವಾದರೆ ಮಂತ್ರಿಗಳ ಮಂಡಳಿ ಅದಕ್ಕೆ ಕಾನೂನಿನ ಬಲ ಕೊಡಬಹುದು.

ಪೋಷಕರ ರಜೆ ಈ ದಾರಿಯ ಮೊದಲ ಫಲ. ತಂದೆ, ತಾಯಿ ಇಬ್ಬರಿಗೂ ಕನಿಷ್ಠ ಮೂರು ತಿಂಗಳ ರಜೆ ಕಾರ್ಮಿಕರ ಗೆಲುವು. ರಜೆಯಲ್ಲಿ ಸಂಬಳದ ಮಾತನ್ನು ಆಯಾ ದೇಶಕ್ಕೆ ಬಿಟ್ಟದ್ದು, ಕೆಲಸಕ್ಕೆ ತೊಡಕಾದರೆ ರಜೆ ಮುಂದೂಡಬಹುದೆಂದದ್ದು, ಸಣ್ಣ ಉದ್ದಿಮೆಗಳಿಗೆ ವಿಶೇಷ ಏರ್ಪಾಡು ಇಟ್ಟದ್ದು ಮಾಲೀಕರ ಗೆಲುವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. 1996ರ ಜೂನ್ 3ರಂದು ಅದು ಕಾನೂನಾಯಿತು. ಮರುವರ್ಷ ಬ್ರಿಟನ್ನಿಗೂ ವಿಸ್ತರಿಸಿತು.

ಆಗ ಎದ್ದದ್ದು ಬೇರೆಯದೇ ತಕರಾರು. ಮಾಲೀಕರೆಂದರೆ ಯಾರು? ನೂರಾರು ಎಕರೆಯ ಕಾರ್ಖಾನೆಯ ಒಡೆಯನೂ ಮಾಲೀಕ, ಇಬ್ಬರು ಕೆಲಸಗಾರರ ಬೇಕರಿಯವನೂ ಮಾಲೀಕ. ತಮ್ಮನ್ನು ಮಾತುಕತೆಗೆ ಕರೆಯಲೇ ಇಲ್ಲವೆಂದು ಕುಶಲಕರ್ಮಿಗಳ ಮತ್ತು ಸಣ್ಣ ಉದ್ದಿಮೆಗಳ ಒಕ್ಕೂಟ ‘ಯುಇಎಪಿಎಂಇ’ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. 1998ರ ಜೂನ್ 17ರಂದು ದಾವೆ ಬಿದ್ದುಹೋಯಿತು. ಆದರೆ ಸಹಿ ಹಾಕಿದವರಿಗೆ ಸಾಕಷ್ಟು ಪ್ರಾತಿನಿಧ್ಯವಿದೆಯೇ ಎಂದು ಆಯೋಗ ಮತ್ತು ಮಂಡಳಿ ಪರೀಕ್ಷಿಸಲೇಬೇಕೆಂದು ನ್ಯಾಯಾಲಯ ಸಾರಿತು. ಅದೇ ವರ್ಷದ ಕೊನೆಗೆ ಯುನಿಸ್ ಸಣ್ಣವರ ಒಕ್ಕೂಟದೊಡನೆ ಸಹಕಾರದ ಒಪ್ಪಂದ ಮಾಡಿಕೊಂಡಿತು. ದಾವೆಯಲ್ಲಿ ಸೋತವರಿಗೆ ಮಾತುಕತೆಯ ಮೇಜಿನಲ್ಲಿ ಕುರ್ಚಿ ಸಿಕ್ಕಿತು.

ಅರೆಕಾಲಿಕ ಕೆಲಸ, ನಿಗದಿತ ಅವಧಿಯ ಕೆಲಸದ ಒಪ್ಪಂದಗಳೂ 1997 ಮತ್ತು 1999ರಲ್ಲಿ ಇದೇ ದಾರಿಯಲ್ಲಿ ಕಾನೂನಾದವು. ಪೋಷಕರ ರಜೆ 2009ರ ಹೊಸ ಒಪ್ಪಂದದಲ್ಲಿ ನಾಲ್ಕು ತಿಂಗಳಿಗೆ ಏರಿತು. ಅಷ್ಟರಲ್ಲಿ ಯುನಿಸ್ 2007ರಲ್ಲಿ ‘ಬಿಸಿನೆಸ್‌ಯೂರೋಪ್’ ಎಂದು ಹೆಸರು ಬದಲಿಸಿಕೊಂಡಿತ್ತು.

ಆಮೇಲೆ ಗಾಳಿ ತಿರುಗಿತು. ಕೆಲಸ ಮತ್ತು ಸಂಸಾರದ ಸಮತೋಲ ಕುರಿತು ಆಯೋಗ ಮತ್ತೆ ಸಮಾಲೋಚಿಸಿದಾಗ ಮಾತುಕತೆಗೆ ಕೂರಲು ಎರಡೂ ಕಡೆಯವರಲ್ಲಿ ಒಮ್ಮತ ಮೂಡಲಿಲ್ಲ. ಆಯೋಗ ಕಾಯಲಿಲ್ಲ; 2017ರಲ್ಲಿ ತಾನೇ ಪ್ರಸ್ತಾವ ತಂದಿತು. 2019ರಲ್ಲಿ ಬಂದ ಕಾನೂನು ತಂದೆಗೆ ಹೆರಿಗೆಯ ವೇಳೆ ಹತ್ತು ದಿನದ ರಜೆ ಕೊಟ್ಟಿತು. ಪೋಷಕರ ರಜೆಯಲ್ಲಿ ಎರಡು ತಿಂಗಳಿಗೆ ಹಣ ಅಥವಾ ಭತ್ಯೆ ಕಡ್ಡಾಯ ಮಾಡಿತು. 1995ರಲ್ಲಿ ಮಾಲೀಕರು ಜಾಣತನದಿಂದ ಪಕ್ಕಕ್ಕಿಟ್ಟಿದ್ದ ಹಣದ ಮಾತು ಕಾನೂನಿನೊಳಗೆ ಬಂದದ್ದು ಅವರ ಸಹಿಯ ಹಂಗಿಲ್ಲದೆ.

ಮಾಲೀಕರು ಕುಳಿತು ಮಾತಾಡಿದ ಕಾನೂನಿನಲ್ಲಿ ಕಾರ್ಖಾನೆಯ, ಅಂಗಡಿಯ ಕಷ್ಟಸುಖಕ್ಕೆ ಜಾಗವಿರುತ್ತದೆ. ಕಾರ್ಮಿಕರ ಪಾಲು ಮಾತ್ರ ತುಸು ಕಡಿಮೆಯಾಗಬಹುದು. ಅವರು ಎದ್ದುಹೋದರೆ ಕಾನೂನು ನಿಲ್ಲುವುದಿಲ್ಲ, ಬರೆಯುವ ಕೈ ಬದಲಾಗುತ್ತದೆ. ಪೋಷಕರ ರಜೆಯ ಈ ಮೂರೂವರೆ ದಶಕದ ಕಥೆ ಎರಡೂ ಕಡೆಯವರಿಗೆ ಕಲಿಸಿದ ಪಾಠ ಇದೇ.